ಹೆಬ್ಬಳ್ಳಿ ಬಾವಿಯ ಗೆರೆ

ಶರೀಫಸಾಬನ ಬಗ್ಗೆ ಹೇಳಬೇಕೆಂದರೆ ಮೊದಲು ನನ್ನ ಕಪಾಟಿನ ಬಗ್ಗೆ ಹೇಳಬೇಕು. ನಮ್ಮ ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ಧಾರವಾಡದಲ್ಲಿ ಇರುವವುಗಳ ಪೈಕಿ ಇದು ಯಾವುದೆಂದು ಹುಡುಕುತ್ತ ಕೂಡಬೇಡಿ, ಸಿಗುವುದಿಲ್ಲ. ಅದರ ವಿದೇಶ ಸಂಬಂಧಗಳ ವಿಭಾಗದಲ್ಲಿ ನಾನು, ಬಿಂದುಮಾಧವ ಜೋಶಿ, ಇಪ್ಪತ್ತೊಂದು ವರ್ಷ ಸುಪರಿಂಟೆಂಡೆಂಟ್ ಆಗಿ ಕೂತಿದ್ದೆ. ವಿಭಾಗ ಎಂದರೆ ಒಂದು ಕೋಣೆ, ಎರಡು ಮೇಜು, ಒಂದು ಉಕ್ಕಿನ ಕಪಾಟು. ಆ ಕಪಾಟಿನಲ್ಲಿ ಪರದೇಶದ ವಿಶ್ವವಿದ್ಯಾಲಯಗಳ ಜೊತೆ ಮಾಡಿಕೊಂಡ ನಲವತ್ತೊಂದು ಒಡಂಬಡಿಕೆಗಳಿದ್ದವು. ಒಂದೊಂದಕ್ಕೂ ಮಖಮಲ್ಲಿನ ಹೊದಿಕೆ, ಒಂದೊಂದಕ್ಕೂ ಫೋಟೋ.

ಆ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರೆ ನಮ್ಮವರ ಹೊಟ್ಟೆ ಬೆಳೆದ ಇತಿಹಾಸ ಕಾಣುತ್ತದೆ, ಮತ್ತೇನೂ ಕಾಣುವುದಿಲ್ಲ. ಬಂದವರಿಗೆ ಪೇಟ, ಶಾಲು, ಪೇಡೆಯ ಡಬ್ಬಿ. ಸಹಿ. ಚಪ್ಪಾಳೆ. "ಇದೊಂದು ಐತಿಹಾಸಿಕ ಕ್ಷಣ" ಎಂಬ ಮಾತು. ಅದನ್ನು ನಾನೇ ಬರೆದುಕೊಡುತ್ತಿದ್ದೆ. ಆಮೇಲೆ ಕಡತ ಕಪಾಟಿಗೆ. ಒಂದು ಒಡಂಬಡಿಕೆಯ ಆಚೆ ಕಡೆಯ ಸಂಸ್ಥೆ ಮುಚ್ಚಿ ಆರು ವರ್ಷವಾಗಿದ್ದರೂ ನಾವು ಪ್ರತಿ ಯುಗಾದಿಗೆ ಅವರಿಗೆ ಶುಭಾಶಯ ಕಳಿಸುತ್ತಿದ್ದೆವು. ಇನ್ನೊಂದರಲ್ಲಿ ಆ ಕಡೆಯಿಂದ ಸಹಿ ಹಾಕಿದವನು ಪ್ರಾಧ್ಯಾಪಕನೇ ಅಲ್ಲ, ಪ್ರವಾಸದ ಏಜೆಂಟ ಎಂದು ಮೂರು ವರ್ಷದ ಮೇಲೆ ತಿಳಿಯಿತು. ಆದರೂ ಪಟ್ಟಿಯಿಂದ ತೆಗೆಯಲಿಲ್ಲ. ಮೌಲ್ಯಾಂಕನ ಸಮಿತಿ ಬಂದಾಗ ಎಷ್ಟು ಎಂದು ಕೇಳುತ್ತದೆ, ಜೀವ ಇದೆಯೇ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ಯಾರೋ ನಮ್ಮ ವಿಭಾಗ ನೋಡಿಯೇ ಮಾಡಿರಬೇಕು.

ನಲವತ್ತು ಹೀಗೆ. ಒಂದು ಮಾತ್ರ ಬದುಕಿತ್ತು. ಅದನ್ನು ಬದುಕಿಸಿದವರು ಕುಲಪತಿಗಳಲ್ಲ, ನಿರ್ದೇಶಕರಲ್ಲ, ನಾನಂತೂ ಅಲ್ಲವೇ ಅಲ್ಲ. ಭೂವಿಜ್ಞಾನ ವಿಭಾಗದಲ್ಲಿ ಅಟೆಂಡರ್ ಆಗಿದ್ದ, ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ಶರೀಫಸಾಬ.

ಅವನ ತಂದೆ ಹಳೇ ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಬಾವಿಗೆ ಇಳಿದು ಕೆಟ್ಟ ಪಂಪು ಬಿಚ್ಚಿ ಮೇಲೆ ಕಳಿಸುವುದು ಶರೀಫನ ಕೆಲಸ. ಮೂವತ್ತರ ಹೊತ್ತಿಗೆ ಧಾರವಾಡಕ್ಕೆ ಬಂದು, ಊರೊಳಗಿನ ಹೆಬ್ಬಳ್ಳಿ ಅಗಸಿಯಲ್ಲಿ ಮನೆ ಮಾಡಿ, ನಮ್ಮಲ್ಲಿ ದಿನಗೂಲಿಯ ಮೇಲೆ ಸೇರಿಕೊಂಡ. ಕಾಯಂ ಆಗಲು ಹನ್ನೊಂದು ವರ್ಷ ಹಿಡಿಯಿತು. ವಯಸ್ಸಿನಲ್ಲಿ ನಾವಿಬ್ಬರೂ ಓರಿಗೆಯವರು. ಆದರೂ ನನ್ನ ಬಾಯಲ್ಲಿ ಅವನು "ಏ ಶರೀಫ", ಅವನ ಬಾಯಲ್ಲಿ ನಾನು "ರಾಯರ". ಇದರಲ್ಲಿ ಏನಾದರೂ ತಪ್ಪಿದೆ ಎಂದು ಇಪ್ಪತ್ತು ವರ್ಷ ನನಗೆ ಹೊಳೆಯಲಿಲ್ಲ. ನಾನು ಎಂಥ ಮನುಷ್ಯ ಎಂಬುದು ಇದರಿಂದಲೇ ತಿಳಿಯಲಿ.

ಎರಡು ಸಾವಿರದ ಐದರ ಜನವರಿಯಲ್ಲಿ ಪೋಲೆಂಡಿನ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯದಿಂದ ಹಾಲಿನಾ ಎಂಬ ಪ್ರಾಧ್ಯಾಪಕಿ ಬಂದರು. ನೆಲದೊಳಗಿನ ನೀರು ವರ್ಷ ವರ್ಷ ಹೇಗೆ ಏರಿಳಿಯುತ್ತದೆ ಎಂಬುದು ಅವರ ಅಭ್ಯಾಸದ ವಿಷಯ. ಅವರ ಊರಲ್ಲೊಂದು ತೆರೆದ ಬಾವಿ, ನಮ್ಮ ಊರಲ್ಲೊಂದು ತೆರೆದ ಬಾವಿ. ಎರಡರಲ್ಲೂ ಪ್ರತಿ ಗುರುವಾರ ಬೆಳಿಗ್ಗೆ ಎಂಟಕ್ಕೆ ನೀರಿನ ಮಟ್ಟ ಅಳೆಯಬೇಕು, ಅಂಕಿಗಳನ್ನು ಪರಸ್ಪರ ಕಳಿಸಬೇಕು, ಇಪ್ಪತ್ತು ವರ್ಷ ನಡೆಸಬೇಕು. ಇಷ್ಟೇ ಅವರ ಯೋಜನೆ. ನಮ್ಮ ಪ್ರಾಧ್ಯಾಪಕರಿಗೆ ನಗು ಬಂತು. ಇಷ್ಟಕ್ಕೆ ಆ ಹೆಣ್ಣುಮಗಳು ಸಮುದ್ರ ದಾಟಿ ಬರಬೇಕಿತ್ತೆ? ಆದರೂ ಒಬ್ಬರು ಸಲಹಾ ಸಮಿತಿ ಮಾಡೋಣ ಎಂದರು, ಇನ್ನೊಬ್ಬರು ಉಪಸಮಿತಿಯೂ ಇರಲಿ ಎಂದರು. ಊರ ಹೊರಗಿನ ಹೆಬ್ಬಳ್ಳಿ ಎಂಬ ಹಳ್ಳಿಯಲ್ಲಿ ಶಿದ್ದಪ್ಪ ಎಂಬ ರೈತನ ಹೊಲದ ಬಾವಿಯ ಹತ್ತಿರ ನಿಂತು ಇವರು ಸಮಿತಿಗೆ ಅಧ್ಯಕ್ಷರನ್ನು ಆರಿಸುತ್ತಿದ್ದಾಗ, ಸಾಮಾನು ಹೊತ್ತು ತಂದಿದ್ದ ಶರೀಫ ಬಾವಿಯೊಳಗೆ ಬಗ್ಗಿ ನೋಡಿ ನನ್ನನ್ನು ಕೇಳಿದ.

"ರಾಯರ, ಎಲ್ಲಿಂದ ಅಳೀಬೇಕ್ರಿ? ಈ ಕಟ್ಟಿ ಮ್ಯಾಲಿನ ಕಲ್ಲು ಒಂದ ನಮೂನಿ ಇಲ್ರಿ. ಇವತ್ತ ಇಲ್ಲಿಂದ ಅಳದು, ಮುಂದಿನ ವಾರ ಅಲ್ಲಿಂದ ಅಳದ್ರ ಲೆಕ್ಕ ಹೆಂಗ ಕೂಡತೈತ್ರಿ?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹಾಲಿನಾ ಚೀಲದಿಂದ ಉಳಿ, ಸುತ್ತಿಗೆ ತೆಗೆದು ಶರೀಫನ ಕೈಗೆ ಕೊಟ್ಟರು. ಅವನು ಕಟ್ಟೆಯ ಮೇಲಿನ ಒಂದು ಕಲ್ಲಿನಲ್ಲಿ ಬೆರಳುದ್ದದ ಗೆರೆ ಕೊರೆದ. ಇನ್ನು ಮೇಲೆ ಅಳತೆಯೆಲ್ಲ ಆ ಗೆರೆಯಿಂದಲೇ. ಒಡಂಬಡಿಕೆಯ ಏಳನೆಯ ಕಲಮಿನಲ್ಲಿ ಅದನ್ನೇ ಬರೆಯಲಾಯಿತು: ಗೆರೆಯಿರುವ ಕಲ್ಲನ್ನು ಕದಲಿಸಬಾರದು; ಕದಲಿದರೆ ಅಳತೆಯ ಸರಣಿ ಅಲ್ಲಿಗೆ ಮುಗಿಯುತ್ತದೆ, ಒಡಂಬಡಿಕೆಯೂ ಅದರೊಂದಿಗೆ ಮುಗಿಯುತ್ತದೆ. ಅದನ್ನು ಟೈಪ್ ಮಾಡಿದವನು ನಾನು.

ಅಳೆಯುವ ರೀತಿ ಸರಳ. ಉಕ್ಕಿನ ಟೇಪಿನ ತುದಿಗೆ ಒಂದು ಮೊಳದಷ್ಟು ಸೀಮೆಸುಣ್ಣ ತಿಕ್ಕಿ ಬಾವಿಗೆ ಇಳಿಬಿಡಬೇಕು. ತುದಿ ನೀರಿಗೆ ಮುಳುಗಿದ ಮೇಲೆ, ಟೇಪಿನ ಒಂದು ಪೂರ್ತಿ ಅಂಕಿಯನ್ನು ಗೆರೆಗೆ ಸರಿಯಾಗಿ ಹಿಡಿಯಬೇಕು. ಮೇಲೆತ್ತಿದಾಗ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂಬುದು ಕಾಣುತ್ತದೆ. ಹಿಡಿದ ಅಂಕಿಯಲ್ಲಿ ಒದ್ದೆಯಾದಷ್ಟನ್ನು ಕಳೆದರೆ ನೀರು ಗೆರೆಯಿಂದ ಎಷ್ಟು ಆಳದಲ್ಲಿದೆ ಎಂದು ಸಿಗುತ್ತದೆ. ಶರೀಫ ಮೂರು ಸಲ ಅಳೆಯುತ್ತಿದ್ದ, ಮೂರೂ ತಾಳೆಯಾದರೆ ಮಾತ್ರ ರಜಿಸ್ಟರಿನಲ್ಲಿ ಬರೆಯುತ್ತಿದ್ದ. ಸೀಮೆಸುಣ್ಣದ ತುಂಡು ಯಾವಾಗಲೂ ಅಂಗಿಯ ಕಿಸೆಯಲ್ಲಿ. ಅವನ ಹೆಂಡತಿ ನಜ್ಮಾ ಇಪ್ಪತ್ತು ವರ್ಷ ಆ ಕಿಸೆಯನ್ನು ಬೈದುಕೊಂಡೇ ಒಗೆದಿದ್ದಾಳೆ.

ಗುರುವಾರ ಬೆಳಿಗ್ಗೆ ನನಗೆ ರಾಯರ ಮಠ, ಅವನಿಗೆ ಬಾವಿ. ನಾನು ಮಠವನ್ನು ಎಷ್ಟೋ ಸಲ ತಪ್ಪಿಸಿದ್ದೇನೆ. ಅವನು ಬಾವಿ ತಪ್ಪಿಸಲಿಲ್ಲ. ಮಗಳು ರುಕ್ಸಾನಾಳ ನಿಕಾಹದ ದಿನ ಗುರುವಾರ ಬಂದಿತ್ತು. ಹೊಸ ಅಂಗಿ ಹಾಕಿಕೊಂಡೇ ಲೂನಾ ಹತ್ತಿ ಹೆಬ್ಬಳ್ಳಿಗೆ ಹೋಗಿ, ಅಳೆದು, ಹತ್ತಕ್ಕೆ ಮಂಟಪಕ್ಕೆ ಬಂದು ನಿಂತ. ಲಾಕ್‌ಡೌನಿನಲ್ಲಿ ಪೊಲೀಸರು ಎರಡು ವಾರ ದಾರಿಯಲ್ಲಿ ತಡೆದಾಗ ಹೊಲಗಳಲ್ಲಿ ನಡೆದೇ ಹೋದ. ಮೂರನೆಯ ವಾರ ಒಬ್ಬ ಪೇದೆ, ಈ ಮುದುಕ ಬಾವಿಯಲ್ಲಿ ಏನು ಬಚ್ಚಿಟ್ಟಿದ್ದಾನೋ ನೋಡಿಯೇ ಬಿಡೋಣ ಎಂದು ಲೂನಾದ ಹಿಂದೆ ಕೂತು ಹೋದ. ಟೇಪು, ಸುಣ್ಣ, ರಜಿಸ್ಟರು ನೋಡಿ, "ಇಷ್ಟರ ಸಲುವಾಗಿ ಬರ್ತೀ ಏನೋ ಮಾರಾಯ?" ಎಂದನಂತೆ. ನಾನೂ ಅದನ್ನೇ ಕೇಳಿದವನು. ಒಮ್ಮೆ ಮಳೆ ಹೊಯ್ಯುತ್ತಿದ್ದಾಗ, "ಏ ಶರೀಫ, ಹೋದ ವಾರದ ಅಂಕಿನ ಬರದು ಒಗಿಯೋ, ಯಾವಾಂವ ಬಂದು ನೋಡ್ತಾನ?" ಎಂದಿದ್ದೆ. ಅವನು ನಕ್ಕು ಲೂನಾ ಹತ್ತಿದ್ದ.

ಆ ಕಡೆ ಪೋಲೆಂಡಿನ ಬಾವಿಯನ್ನು ಅಳೆಯುತ್ತಿದ್ದವನು ಯಾನೆಕ್ ಎಂಬ ರೈಲ್ವೆಯ ಹಳೆಯ ನೌಕರ. ಇವನ ಭಾಷೆ ಅವನಿಗೆ ಬರುವುದಿಲ್ಲ, ಅವನದು ಇವನಿಗೆ ಬರುವುದಿಲ್ಲ. ಮೊದಮೊದಲು ಅಂಚೆಯಲ್ಲಿ ಅಂಕಿಗಳ ಹಾಳೆ, ಆಮೇಲೆ ಮೊಬೈಲಿನಲ್ಲಿ ಒದ್ದೆ ಟೇಪಿನ ಫೋಟೋ. ಅದೇ ಅವರ ಮಾತುಕತೆ. ಎರಡು ಸಾವಿರದ ಹನ್ನೊಂದರಲ್ಲಿ ಯಾನೆಕನ ಒಂದು ಹಾಳೆಯಲ್ಲಿ ಅಂಕಿಯ ಜಾಗದಲ್ಲಿ ಅಂಕಿಯಿರಲಿಲ್ಲ, ಕಾಟು ಹಾಕಿತ್ತು, ಬರೀ ಒಂದು ಅಡ್ಡಗೀಟು. ಶರೀಫ ನನ್ನಿಂದ ಪತ್ರ ಬರೆಸಿದ. ಅಂದು ಯಾನೆಕನ ಹೆಂಡತಿಯನ್ನು ಮಣ್ಣು ಮಾಡುವುದಿತ್ತು ಎಂದು ಹಾಲಿನಾ ಉತ್ತರಿಸಿದರು. ಮರುದಿನ ಹೋಗಿ ಅಳೆದು ಗುರುವಾರದ್ದೆಂದು ಬರೆಯಬಹುದಿತ್ತಲ್ಲ ಎಂದು ಅವರೇ ಕೇಳಿದ್ದರಂತೆ. ಗುರುವಾರ ನಾನು ನೋಡಿಲ್ಲ ಎಂದನಂತೆ ಯಾನೆಕ್. ಶರೀಫ ಆ ಹಾಳೆಯನ್ನು ಮಡಚಿ ರಜಿಸ್ಟರಿನ ರಟ್ಟಿನೊಳಗೆ ಇಟ್ಟುಕೊಂಡ. ನಾನು ಕಡತಕ್ಕೆ ಹಚ್ಚಬೇಕು ಕೊಡು ಎಂದರೆ ಕೊಡಲಿಲ್ಲ.

ಈ ಎರಡು ಬಾವಿಗಳ ಅಂಕಿಗಳ ಮೇಲೆ ಎಷ್ಟೋ ಪ್ರಬಂಧಗಳು ಬಂದವು. ಅಲ್ಲಿಯ ಏಳು ವಿದ್ಯಾರ್ಥಿಗಳು ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಓದಿ ಹೋದರು, ಇಲ್ಲಿಯ ಆರು ಮಂದಿ ಅಲ್ಲಿಗೆ ಹೋಗಿ ಬಂದರು. ನಮ್ಮ ಪ್ರಾಧ್ಯಾಪಕರು ಆ ಪ್ರಬಂಧಗಳಿಗೆ ತಮ್ಮ ಹೆಸರು ಸೇರಿಸಿ ಬಡ್ತಿ ಪಡೆದರು. ಅವರಲ್ಲಿ ಮೂವರಿಗೆ ಬಾವಿ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ. ಏಳನೆಯವಳಾಗಿ ಹೋಗಬೇಕಾದವಳು ಧನಶ್ರೀ. ನವಲಗುಂದದ ಶಾಲಾ ಮಾಸ್ತರರ ಮಗಳು, ನಾಲ್ಕು ವರ್ಷದಿಂದ ಇದೇ ಬಾವಿಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಗುರುವಾರ ಸ್ಕೂಟಿಯಲ್ಲಿ ಶರೀಫನ ಹಿಂದೆಯೇ ಹೋಗುತ್ತಿದ್ದಳು, ಅವನಿಗೆ ಕಾಕಾ ಎನ್ನುತ್ತಿದ್ದಳು. ಇಪ್ಪತ್ತು ವರ್ಷ ತುಂಬಿದ ಮೇಲೆ ಒಡಂಬಡಿಕೆಯನ್ನು ಇನ್ನು ಹತ್ತು ವರ್ಷಕ್ಕೆ ಮುಂದುವರಿಸುವುದು, ಆ ಹೊಸ ಒಡಂಬಡಿಕೆಯಲ್ಲಿ ಧನಶ್ರೀ ಎರಡು ವರ್ಷ ಪೋಲೆಂಡಿಗೆ ಹೋಗುವುದು ಎಂದು ಎಲ್ಲ ನಿಶ್ಚಯವಾಗಿತ್ತು. ಇಪ್ಪತ್ತು ವರ್ಷಕ್ಕೆ ಸಾವಿರದ ನಲವತ್ನಾಲ್ಕು ಗುರುವಾರ. ಕೊನೆಯದು ಎರಡು ಸಾವಿರದ ಇಪ್ಪತ್ತೈದರ ಜನವರಿ ಮೂವತ್ತು. ಆ ದಿನಕ್ಕೆ ಹಾಲಿನಾ ತಾವೇ ಬರುತ್ತೇನೆಂದು ಬರೆದರು.

ಇಲ್ಲಿಗೆ ನಮ್ಮ ಹೊಸ ನಿರ್ದೇಶಕರು ಪ್ರವೇಶ ಮಾಡುತ್ತಾರೆ, ಡಾ. ಅತುಲ. ಕಪಾಟು ತೆರೆಸಿ, ನಲವತ್ತೊಂದರಲ್ಲಿ ಒಂದು ಬದುಕಿದೆ ಎಂದು ಪತ್ತೆ ಹಚ್ಚಿದವರು ಇವರೇ. ಮೌಲ್ಯಾಂಕನ ಸಮಿತಿ ಮಾರ್ಚಿನಲ್ಲಿ ಬರುವುದಿತ್ತು. ಕುಲಪತಿಗಳಿಗೆ ಓಡಿಹೋಗಿ ಹೇಳಿದರು. ಕುಲಪತಿಗಳು ಇದೆಲ್ಲ ತಮ್ಮ ದೂರದೃಷ್ಟಿ ಎಂದರು. ಒಡಂಬಡಿಕೆ ಆದಾಗ ಅವರು ಬೇರೆ ಊರಲ್ಲಿ ಅಧ್ಯಾಪಕರಾಗಿದ್ದರು, ಹೋಗಲಿ ಬಿಡಿ. ಬಾವಿಯ ಹತ್ತಿರವೇ ಸಮಾರಂಭ, ಪೆಂಡಾಲು, ಡೊಳ್ಳು, ಪತ್ರಕರ್ತರು ಎಂದು ತೀರ್ಮಾನವಾಯಿತು. ಅತುಲ ಸಾಹೇಬರು ಕಾರಿನಲ್ಲಿ ಹೋಗಿ ಬಾವಿ ನೋಡಿ ಬಂದು ಮುಖ ಸಿಂಡರಿಸಿದರು.

"ಜೋಶಿಯವರ, ಆ ಕಟ್ಟಿ ನೋಡೀರೇನು? ಕಲ್ಲು ಓರಿ-ಕೋರಿ, ಪಾಚಿ ಕಟ್ಟ್ಯದ. ಫೋಟೋದಾಗ ಹೆಂಗ ಕಾಣ್ತದ? ನಮ್ಮ ಮಾನ ಹೋಗ್ತದ್ರಿ. ಕಟ್ಟಿ ಲೆವೆಲ್ ಮಾಡಿಸಿ, ಟೈಲ್ಸ್ ಹಾಕಿಸಿ, ಮ್ಯಾಲೆ ಒಂದು ಗ್ರಾನೈಟ್ ಕಲ್ಲು ನಿಲ್ಲಿಸಿಬಿಡ್ರಿ. ಸಾಹೇಬರ ಹೆಸರು ದೊಡ್ಡ ಅಕ್ಷರದಾಗ ಇರಲಿ."

ನಮ್ಮಲ್ಲಿ ದೊಡ್ಡವರು ಬರುತ್ತಾರೆಂದರೆ ಕಂಡದ್ದಕ್ಕೆಲ್ಲ ಸುಣ್ಣ-ಕೆಮ್ಮಣ್ಣು ಬಳಿಯುವುದು ರೂಢಿ. ಗಿಡ, ಕಲ್ಲು, ನಿಂತಲ್ಲೇ ನಿಂತ ನೌಕರ, ಯಾವುದನ್ನೂ ಬಿಡುವುದಿಲ್ಲ. ನಾನು ಯೋಚನೆಯನ್ನೇ ಮಾಡದೆ "ಬಾವಿಯ ಸೌಂದರ್ಯೀಕರಣ" ಎಂದು ತಲೆಬರಹ ಕೊಟ್ಟು ಆದೇಶ ಬರೆದೆ, ಸಹಿ ಹಾಕಿದೆ. ಅದೇ ಕಪಾಟಿನಲ್ಲಿ, ನನ್ನ ಕುರ್ಚಿಯಿಂದ ಮೂರು ಮಾರು ದೂರದಲ್ಲಿ ಏಳನೆಯ ಕಲಮು ಇತ್ತು. ಒಡಂಬಡಿಕೆಗೆ ಸಹಿ ಮಾಡುವ ಪದ್ಧತಿ ನಮ್ಮಲ್ಲಿದೆ, ಓದುವ ಪದ್ಧತಿ ಇಲ್ಲ. ನಾನೂ ಓದಲಿಲ್ಲ.

ಸಮಾರಂಭದ ಹಿಂದಿನ ಶುಕ್ರವಾರ ಗೌಂಡಿಗಳು ಹೋದರು. ವಿದ್ಯಾರ್ಥಿನಿಯರ ವಸತಿಗೃಹದ ಸೋರುವ ಮಾಳಿಗೆಗೆ ಮೂರು ವರ್ಷ ಹಿಡಿದ ಗುತ್ತಿಗೆದಾರ ಇದನ್ನು ನಾಲ್ಕು ದಿನದಲ್ಲಿ ಮುಗಿಸಿದ. ಶರೀಫ ಆ ದಿನಗಳಲ್ಲಿ ನಜ್ಮಾಳ ಕಣ್ಣಿನ ಆಪರೇಶನ್ ಎಂದು ಸತ್ತೂರಿನ ಆಸ್ಪತ್ರೆಯಲ್ಲಿದ್ದ. ಮಂಗಳವಾರ ಬೆಳಿಗ್ಗೆ ಹೊಲದ ಧಣಿ ಶಿದ್ದಪ್ಪ ಅವನಿಗೆ ಫೋನು ಮಾಡಿದನಂತೆ: "ಶರೀಫಣ್ಣಾ, ನಿನ್ನ ಬಾವಿಗೆ ಮದಿವಿ ಮಾಡಾಕತ್ತಾರಪಾ, ನೋಡಾಕರ ಬಾ."

ನಾನು ಪೆಂಡಾಲಿನ ಕಂಬ ಎಲ್ಲಿ ನೆಡಬೇಕೆಂದು ತೋರಿಸುತ್ತ ಅಲ್ಲೇ ನಿಂತಿದ್ದೆ. ಶರೀಫ ಲೂನಾ ನಿಲ್ಲಿಸಲೂ ಇಲ್ಲ, ಕೆಡವಿ ಬಂದ. ಬಾವಿಯ ಸುತ್ತ ಒಂದು ಸುತ್ತು ಹಾಕಿದ. ಬಿಳಿ ಟೈಲ್ಸಿನ ಮೇಲೆ ಅಂಗೈಯಾಡಿಸಿದ.

"ರಾಯರ, ಗೆರಿ ಎಲ್ರಿ?"

"ಯಾವ ಗೆರಿ?" ಎಂದೆ ನಾನು.

ಅವನು ನನ್ನ ಮುಖ ನೋಡಿದ ರೀತಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಸಿಟ್ಟಿನ ನೋಟವಲ್ಲ ಅದು. "ಯಾವ ಗೆರಿ ಅಂತೀರಲ್ರಿ. ನೀವ ಟೈಪ್ ಮಾಡಿದ್ರಿ" ಎಂದ. ಆಗ ನನಗೆ ಏಳನೆಯ ಕಲಮು ನೆನಪಾಯಿತು.

ಕಟ್ಟೆಯ ಮೇಲಿನ ಕಲ್ಲುಗಳನ್ನೆಲ್ಲ ಕಿತ್ತು, ಒಡೆದು, ಪೆಂಡಾಲಿನ ಮೆಟ್ಟಿಲ ಕೆಳಗೆ ತುಂಬಿದ್ದರು. ಶರೀಫ ಸಲಿಕೆ ಹಿಡಿದು ಮೆಟ್ಟಿಲು ಅಗೆದ. ನಾನೂ ಧೋತರ ಎತ್ತಿ ಕಟ್ಟಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಅಂಗೈ ಅಗಲದ ಒಂದು ಚೂರು ಸಿಕ್ಕಿತು, ಅದರಲ್ಲಿ ಅರ್ಧ ಗೆರೆ ಇತ್ತು. ಗೆರೆ ಸಿಕ್ಕಿ ಮಾಡುವುದೇನು? ಅದು ಎಷ್ಟು ಎತ್ತರದಲ್ಲಿತ್ತು ಎಂಬುದು ಹೋಗಿತ್ತು. ಹಳೆಯ ಕಟ್ಟೆಗಿಂತ ಹೊಸದು ನಾಲ್ಕು ಬೆರಳು ಎತ್ತರವೋ ಗೇಣು ಎತ್ತರವೋ ಗೌಂಡಿಗೂ ಗೊತ್ತಿಲ್ಲ, "ಕಣ್ಣಳತಿ ಮ್ಯಾಲೆ ಮಾಡೇವ್ರಿ" ಎಂದ. ಶರೀಫ ಆ ಚೂರನ್ನು ತೊಡೆಯ ಮೇಲಿಟ್ಟುಕೊಂಡು, "ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಬಾವಿಯೊಳಗೆ ನೋಡಿದೆ.

ಬುಧವಾರ ಅತುಲ ಸಾಹೇಬರ ಚೇಂಬರಿನಲ್ಲಿ ನಾವು ನಾಲ್ವರು: ಅವರು, ನಾನು, ಶರೀಫ, ಧನಶ್ರೀ. ಏಳನೆಯ ಕಲಮನ್ನು ನಾನೇ ಓದಿ ಹೇಳಿದೆ. ಸಾಹೇಬರು ಕಷ್ಟವೇ ಇಲ್ಲದ ಉಪಾಯ ಹೇಳಿದರು. ಹೋದ ವಾರ ನೀರು ಆರು ಮೀಟರ್ ಎಂಬತ್ನಾಲ್ಕು ಸೆಂಟಿಮೀಟರ್ ಆಳದಲ್ಲಿತ್ತು. ಜನವರಿಯಲ್ಲಿ ವಾರಕ್ಕೆ ಎಷ್ಟು ಇಳಿಯುತ್ತದೆ ಎಂಬುದು ಇಪ್ಪತ್ತು ವರ್ಷದ ಅಂಕಿಗಳಲ್ಲೇ ಇದೆ. ಧನಶ್ರೀ ಲೆಕ್ಕ ಹಾಕಬೇಕು, ಶರೀಫ ಅದನ್ನು ಬರೆಯಬೇಕು, ಗೆರೆಯನ್ನು ಗ್ರಾನೈಟಿನ ಪಕ್ಕ ಹೊಸದಾಗಿ ಕೊರೆದು ಇದೇ ಹಳೆಯದು ಎನ್ನಬೇಕು. ಧನಶ್ರೀ ಲೆಕ್ಕ ಹಾಕಿ ಚೀಟಿ ಕೊಟ್ಟಳು: ಆರು ತೊಂಬತ್ತೊಂದು.

"ಮುಗೀತಲಾ? ಆರು ತೊಂಬತ್ತೊಂದು ಬರಿ ಶರೀಫ" ಎಂದರು ಸಾಹೇಬರು. "ಸಾವಿರದ ನಲವತ್ಮೂರು ಖರೇ ಬರದೀ, ಒಂದು ಹಿಂಗ ಇರಲಿ. ಇಲ್ಲಾ ಅಂದ್ರ ನಿವೃತ್ತಿ ತನಕ ಉತ್ತರಪತ್ರಿಕಿ ಗೋದಾಮಿನಾಗ ಧೂಳ ತಿನಕೋತ ಕೂಡಬೇಕಾಗ್ತದ, ಹೇಳಿರ್ತೇನಿ."

ಶರೀಫ ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ಧನಶ್ರೀಯ ಕಡೆ ತಿರುಗಿದ. ಅವಳ ಕಣ್ಣು ತುಂಬಿದ್ದವು.

"ಒಂದ ಸಲ ಬರೀರಿ ಕಾಕಾ" ಎಂದಳು ಅವಳು. "ನನ್ನ ನಾಕು ವರ್ಷ ಹೋಗ್ತಾವ್ರಿ. ಲೆಕ್ಕ ತಪ್ಪಿಲ್ರಿ, ಬೇಕಾದ್ರ ಮತ್ತ ಮಾಡಿ ತೋರಸ್ತೀನಿ."

"ನಿನ್ನ ಲೆಕ್ಕ ಖರೇನ ಇರಬಹುದವ್ವಾ" ಎಂದ ಶರೀಫ. "ನಿನ್ನ ಕಳಸೂದು ನನಗೂ ಬೇಕಾಗೇತಿ. ರುಕ್ಸಾನಾ ಬ್ಯಾರೆ ಅಲ್ಲ, ನೀ ಬ್ಯಾರೆ ಅಲ್ಲ." ಚೀಟಿಯನ್ನು ಮಡಚಿ ಸೀಮೆಸುಣ್ಣದ ಕಿಸೆಯಲ್ಲಿ ಇಟ್ಟುಕೊಂಡ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಎದ್ದು ಹೋದ. ಸಾಹೇಬರು ಅದನ್ನು ಒಪ್ಪಿಗೆ ಎಂದು ತಿಳಿದು ನನಗೆ ಚಹಾ ತರಿಸಿದರು. ನಾನು ಕುಡಿದೆ ಕೂಡ, ನಾಚಿಕೆಗೇಡಿ.

ಗುರುವಾರ ಎಂಟಕ್ಕೆ ಐದು ನಿಮಿಷವಿರುವಾಗ ಹಾಲಿನಾ ಕಾರಿನಿಂದ ಇಳಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕಾಲಲ್ಲಿ ಹೊಲದ ಬೂಟು. ಡೊಳ್ಳಿನವರು ಶುರು ಮಾಡಿದರು. ಕುಲಪತಿಗಳು ಹಾರ ಹಿಡಿದು ಮುಂದೆ ಬಂದರು. ಹಾಲಿನಾ ಹಾರಕ್ಕೆ ಕೈ ಮುಗಿದು, ಪೆಂಡಾಲಿನ ಕಡೆ ನೋಡದೆ ನೇರ ಬಾವಿಗೆ ನಡೆದರು. ಟೈಲ್ಸ್ ನೋಡಿದರು. ಗ್ರಾನೈಟಿನ ಮೇಲಿನ ಬಂಗಾರದ ಬಣ್ಣದ ಅಕ್ಷರ ನೋಡಿದರು. ಅಕ್ಷರಗಳಲ್ಲಿ ಕುಲಪತಿಗಳ ಹೆಸರಿತ್ತು, ಅವರ ಅಮೃತಹಸ್ತವಿತ್ತು, ಅತುಲ ಸಾಹೇಬರಿದ್ದರು, ಗುತ್ತಿಗೆದಾರನೂ ಇದ್ದ. ಬಾವಿ ಯಾತಕ್ಕೆ ಎಂಬುದು ಇರಲಿಲ್ಲ.

"ಗೆರೆ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅತುಲ ಸಾಹೇಬರು ಹಿಂದಿನ ಸಂಜೆ ಗೌಂಡಿಯಿಂದ ಕೊರೆಸಿದ್ದ ಹೊಸ ಗೆರೆಯನ್ನು ತೋರಿಸಿ ಹಲ್ಲು ಕಿರಿದರು. ಹಾಲಿನಾ ಅವರ ಮುಖವನ್ನೂ ನೋಡಲಿಲ್ಲ, ಆ ಗೆರೆಯನ್ನೂ ನೋಡಲಿಲ್ಲ. ಶರೀಫನನ್ನು ನೋಡಿದರು.

ಶರೀಫ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ರಜಿಸ್ಟರು ತೆರೆದ. ಸಾವಿರದ ನಲವತ್ನಾಲ್ಕು ಎಂದು ಸಂಖ್ಯೆ ಹಾಕಿದ, ತಾರೀಖು ಹಾಕಿದ. ಕಿಸೆಯಿಂದ ಧನಶ್ರೀಯ ಚೀಟಿ ತೆಗೆದು ಅವಳ ಕೈಗೆ ವಾಪಸು ಕೊಟ್ಟ. "ಇದು ನೀ ಬರದದ್ದವ್ವಾ, ನಿನ್ನ ಹಂತೇಕನ ಇರಲಿ. ನಾ ನೋಡಿಲ್ಲ" ಎಂದ. ಅಂಕಿಯ ಜಾಗದಲ್ಲಿ ಒಂದು ಕಾಟು ಹಾಕಿದ. ಇಪ್ಪತ್ತು ವರ್ಷದಲ್ಲಿ ಅದು ಅವನ ಮೊದಲನೆಯ ಕಾಟು.

ಹಾಲಿನಾ ಬಗ್ಗಿ ನೋಡಿದರು. ರಟ್ಟಿನಿಂದ ಹೊರಗೆ ಇಣುಕುತ್ತಿದ್ದ ಯಾನೆಕನ ಹಳೆಯ ಹಾಳೆಯೂ ಅವರ ಕಣ್ಣಿಗೆ ಬಿತ್ತು. ಮಣ್ಣಿನಲ್ಲೇ ಅವನ ಪಕ್ಕ ಕೂತುಬಿಟ್ಟರು. ನನ್ನನ್ನು ಕರೆದು, ಇವರಿಗೆ ಹೇಳಿ, ಈ ಕಾಟು ನೋಡಿದ ಮೇಲೆ ಉಳಿದ ಸಾವಿರದ ನಲವತ್ಮೂರರಲ್ಲಿ ಒಂದರ ಬಗ್ಗೆಯೂ ನಾನು ಸಂಶಯ ಪಡಬೇಕಾಗಿಲ್ಲ ಎಂದರು. ನಾನು ಹೇಳಿದೆ. ಶರೀಫ ತಲೆಯಾಡಿಸಿದ. ಆಮೇಲೆ ಹಾಲಿನಾ ಆ ಸಾಲಿನ ಕೆಳಗೆ ಉದ್ದಕ್ಕೆ ಒಂದು ಅಡ್ಡಗೆರೆ ಎಳೆದು, ಏಳನೆಯ ಕಲಮಿನ ಪ್ರಕಾರ ಸರಣಿ ಇಲ್ಲಿಗೆ ಮುಗಿಯಿತು ಎಂದು ಬರೆದು ಸಹಿ ಮಾಡಿದರು. ಪೆನ್ನು ಶರೀಫನಿಗೆ ಕೊಟ್ಟರು. ಅವನೂ ಸಹಿ ಮಾಡಿದ. ನಲವತ್ತೊಂದರಲ್ಲಿ ಬದುಕಿದ್ದ ಒಂದೇ ಒಂದು, ನನ್ನ ಕಣ್ಣೆದುರಿಗೇ ಸತ್ತಿತು.

"ಏನಾತು?" ಎಂದು ಕುಲಪತಿಗಳು ದೂರದಿಂದ ಕೇಳಿದರು.

"ಸೈನ್ ಆತ್ರಿ ಸರ್" ಎಂದರು ಅತುಲ ಸಾಹೇಬರು.

"ಹಂಗಾರ ಫೋಟೋ!" ಎಂದರು ಕುಲಪತಿಗಳು.

ಚಪ್ಪಾಳೆ ಬಿತ್ತು. ಡೊಳ್ಳು ಜೋರಾಯಿತು. ಫೋಟೋದವನು, "ಏ ಕಾಕಾ, ಸ್ವಲ್ಪ ಬಾಜೂಕ ಸರೀರಿ" ಎಂದು ಶರೀಫನನ್ನು ಸರಿಸಿ, ಮಣ್ಣಿನಿಂದ ಏಳುತ್ತಿದ್ದ ಹಾಲಿನಾರ ಎಡಕ್ಕೆ ಕುಲಪತಿಗಳನ್ನೂ ಬಲಕ್ಕೆ ನಿರ್ದೇಶಕರನ್ನೂ ನಿಲ್ಲಿಸಿದ. ಮೇಜಿನ ಮೇಲೆ ಮಖಮಲ್ಲಿನಲ್ಲಿ ಸುತ್ತಿದ ಹೊಸ ಒಡಂಬಡಿಕೆ ಬಿಚ್ಚದೆ ಹಾಗೇ ಉಳಿಯಿತು. ಅದನ್ನು ಯಾರೂ ಕೇಳಲಿಲ್ಲ. ಮರುದಿನ ಪತ್ರಿಕೆಗಳಲ್ಲಿ "ಐತಿಹಾಸಿಕ ಒಡಂಬಡಿಕೆ ನವೀಕರಣ" ಎಂದು ಬಂತು. ಆ ಪ್ರಕಟಣೆ ಬರೆದುಕೊಟ್ಟವನೂ ನಾನೇ. ಮಾರ್ಚಿನಲ್ಲಿ ಸಮಿತಿ ಬಂದು ಎಷ್ಟು ಎಂದು ಕೇಳಿತು. ನಲವತ್ತೊಂದು ಎಂದರು. ಥೂ ನಮ್ಮ ಜನ್ಮಕ್ಕೆ.

ಒಡಂಬಡಿಕೆ ಇಲ್ಲವಾದ್ದರಿಂದ ಧನಶ್ರೀಯ ಜಾಗವೂ ಇಲ್ಲವಾಯಿತು. ಹೊರಡುವ ಮುಂಚೆ ಹಾಲಿನಾ ಅವಳ ಎರಡೂ ಕೈ ಹಿಡಿದುಕೊಂಡು, ಹೊಸದಾಗಿ ಹತ್ತು ವರ್ಷದ ಅಳತೆ ಇದ್ದರೆ ತಮ್ಮವರು ಮತ್ತೆ ಒಪ್ಪಬಹುದು, ಅದಕ್ಕಿಂತ ಮೊದಲು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಹುಡುಗಿ ಆ ದಿನ ಶರೀಫನ ಜೊತೆ ಮಾತಾಡದೆ ಹೋದಳು. ಈಗ ಸಪ್ತಾಪುರದಲ್ಲಿ ನೌಕರಿ ಪರೀಕ್ಷೆಗೆ ಓದುವವರಿಗೆ ಪಾಠ ಹೇಳುತ್ತಾಳೆ, ಇದ್ದ ಅಂಕಿಗಳಲ್ಲೇ ಪ್ರಬಂಧ ಮುಗಿಸುತ್ತಿದ್ದಾಳೆ. ಶರೀಫನನ್ನು ಸೋಮವಾರವೇ ಗೋದಾಮಿಗೆ ಹಾಕಿದರು.

ಸಮಾರಂಭದ ಮುಂದಿನ ಗುರುವಾರ ನಾನು ಮಠಕ್ಕೆ ಹೊರಟವನು ಯಾಕೋ ಹೆಬ್ಬಳ್ಳಿಯ ಬಸ್ಸು ಹತ್ತಿದೆ. ಪೆಂಡಾಲು ಹೋಗಿತ್ತು. ಬಾವಿಯ ಹತ್ತಿರ ಶರೀಫ ಉಳಿ, ಸುತ್ತಿಗೆ ಹಿಡಿದು ಕೂತಿದ್ದ. ಹಿಂದೆಯೇ ಸ್ಕೂಟಿಯ ಸಪ್ಪಳವಾಯಿತು. ಧನಶ್ರೀ ಇಳಿದು ಬಂದು ಅವನ ಕೈಯಿಂದ ರಜಿಸ್ಟರು ತೆಗೆದುಕೊಂಡಳು. ಅವನು ಹೊಸ ಪುಟದಲ್ಲಿ ಒಂದು ಎಂದು ಬರೆಯಲು ಹೇಳಿದ. ಆಮೇಲೆ ಗ್ರಾನೈಟಿನ ಮುಂದೆ ಮಂಡಿಯೂರಿ, ಕುಲಪತಿಗಳ ಹೆಸರಿನ ಕೆಳಗೆ ಬೆರಳುದ್ದದ ಗೆರೆ ಕೊರೆಯತೊಡಗಿದ.

"ಅಲ್ರೀ ಶರೀಫಸಾಬ," ಎಂದೆ. ರೀ ಎಂಬುದು ಬಾಯಿಗೆ ತಾನೇ ಬಂತು, ಅವನೂ ಒಮ್ಮೆ ತಿರುಗಿ ನೋಡಿದ. "ಬಾವಿ ಕಟ್ಟಿ ಇಷ್ಟ ಉದ್ದ ಇರಬೇಕಾದ್ರ, ಈ ಹಾಳ ಕಲ್ಲ ಬೇಕಾಗಿತ್ತೇನ್ರಿ?"

"ಕಟ್ಟಿ ಕಲ್ಲ ಮತ್ತ ಯಾರರ ಬಂದು ಕೀಳ್ತಾರ್ರಿ ರಾಯರ. ಸಾಹೇಬ್ರ ಹೆಸರ ಇದ್ದ ಕಲ್ಲ ಯಾವಾಂವ ಮುಟ್ಟತಾನ್ರಿ?"

ಮೂವತ್ನಾಲ್ಕು ವರ್ಷದ ನೌಕರಿಯನ್ನು ನೆನೆದು ನೋಡಿದೆ. ಕಲ್ಲು ನಿಲ್ಲಿಸಿದ ಕಟ್ಟಡಗಳು ಸೋರಿದ್ದು, ಬಿದ್ದದ್ದು ನೋಡಿದ್ದೇನೆ. ಹೆಸರು ಕೆತ್ತಿದ ಕಲ್ಲನ್ನು ಯಾರೂ ಕಿತ್ತದ್ದು ನೋಡಿಲ್ಲ. ಶರೀಫಸಾಬ ಗೆರೆಯ ಧೂಳು ಊದಿ, ಟೇಪಿಗೆ ಸುಣ್ಣ ತಿಕ್ಕಿ ಬಾವಿಗೆ ಇಳಿಬಿಟ್ಟ. ಮೂರು ಸಲ ಅಳೆದ. ಧನಶ್ರೀ ಅಂಕಿ ಬರೆದಳು, ನಾನು ತಾರೀಖು ಬರೆದೆ. ಒದ್ದೆ ಟೇಪಿನ ಫೋಟೋ ಯಾನೆಕನಿಗೆ ಹೋಯಿತು. ಮಧ್ಯಾಹ್ನ ಆ ಕಡೆಯಿಂದಲೂ ಒಂದು ಒದ್ದೆ ಟೇಪಿನ ಫೋಟೋ ಬಂತು.